ಮಿಸ್ಟರ್ ಈಜೆಲ್ ಬಾಗಿಲವರೆಗೆ ಬಂದರು

ಮಿಸಿಸಿಪಿಯ ನಮ್ಮ ಊರಿನಲ್ಲಿ ಶುಕ್ರವಾರ ಕರಿದ ಮೀನು ತಿನ್ನಬೇಕೆಂದರೆ ಮೊದಲು ಈಜೆಲ್ ಟಾರ್ಪ್ಲಿಯವರ ವಿಚಾರಣೆ ಮುಗಿಯಬೇಕಿತ್ತು. ಪೆಟ್ರೋಲ್ ಬಂಕಿನ ಪಕ್ಕ ಬಾಣಲೆ ಇಟ್ಟುಕೊಂಡು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿದ ಕ್ಯಾಟ್‌ಫಿಶ್ ಕರಿದು ಮಾರುತ್ತಿದ್ದರು. ಹದಿನೆಂಟು ತುಂಬಿದವರು ಎದುರು ನಿಂತರೆ ಒಂದೇ ಪ್ರಶ್ನೆ: "ಮತದಾರರ ಪಟ್ಟೀಲಿ ಹೆಸರಿದ್ಯಾ?"

ಇದೆ ಅಂದವರಿಗೆ ಬಿಸಿ ಮೀನು. ಇಲ್ಲ ಅಂದವರಿಗೂ ಅದೇ ಮೀನು, ಆದರೆ ಮೊದಲು ಭಾಷಣ. ಪಟ್ಟಿಗೆ ಹೆಸರು ಹಾಕಿಸಲು ಹೋಗಿ ನಮ್ಮ ಕಪ್ಪು ಅಜ್ಜಂದಿರು ಏಟು ತಿಂದದ್ದರಿಂದ ಶುರುವಾಗಿ, ಈ ವರ್ಷದ ನೋಂದಣಿಯ ಕೊನೆಯ ದಿನಾಂಕಕ್ಕೆ ಬಂದು ಮುಟ್ಟುವಷ್ಟರಲ್ಲಿ ಮೀನು ತಣ್ಣಗಾಗಿರುತ್ತಿತ್ತು. ವಯಸ್ಸಾಗಿಲ್ಲ ಎಂದು ಸುಳ್ಳು ಹೇಳುವಂತೆಯೂ ಇರಲಿಲ್ಲ. ಚರ್ಚಿನಲ್ಲಿ ತಿಂಗಳು ತಿಂಗಳು ಹುಟ್ಟುಹಬ್ಬದ ಪಟ್ಟಿ ಓದುತ್ತಿದ್ದವರು ಅವರೇ.

ನಾನು ಡೆನೀಶಾ, ಎರಡು ವರ್ಷ ತಣ್ಣನೆಯ ಮೀನು ತಿಂದವಳು. ನಮ್ಮ ಬೀದಿಯ ನಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಕಂದು ನೀರನ್ನೇ ಬಿಡುತ್ತಿದೆ. ಮೇಯರುಗಳು ಬದಲಾದರು, ಬಣ್ಣ ಬದಲಾಗಲಿಲ್ಲ.

"ಓಟು ಹಾಕಿದ್ರೆ ಒಳ್ಳೆ ನೀರು ಬರುತ್ತಾ, ಮಿಸ್ಟರ್ ಈಜೆಲ್?" ಅಂತ ಒಮ್ಮೆ ಕೆಣಕಿದೆ.

"ಹಾಕ್ದೆ ಇದ್ರೆ ಬರಲ್ಲ ಅಂತ ಎರಡು ವರ್ಷ ನೋಡಿದೀಯ. ಇನ್ನೊಂದನ್ನೂ ನೋಡ್ಬಿಡು."

ಮೂರನೇ ವರ್ಷ ಹೆಸರು ಹಾಕಿಸಿದೆ. ದೇಶಪ್ರೇಮ ಅಂತೇನಲ್ಲ, ಬಿಸಿ ಮೀನಿನ ಆಸೆ. ಚುನಾವಣೆಯ ಹಿಂದಿನ ಶುಕ್ರವಾರ ಮಾತ್ರ ಒಂದು ಷರತ್ತು ಹಾಕಿದೆ: "ನೀವೂ ನನ್ ಜೊತೆ ಸಾಲಲ್ಲಿ ನಿಲ್ಬೇಕು. ಇಲ್ಲಾಂದ್ರೆ ಮನೇಲೇ ಮಲಗ್ತೀನಿ."

ಅವರು ಆಗಲೇ ಬೆಂದಿದ್ದ ಮೀನನ್ನು ಎರಡು ಸಲ ಮಗುಚಿದರು. "ಬರ್ತೀನಿ," ಅಂದರು.

ಚುನಾವಣೆಯ ದಿನ, ಭಾನುವಾರ ಚರ್ಚಿಗೆ ಹಾಕುವ ಸೂಟು, ಹ್ಯಾಟು ಹಾಕಿಕೊಂಡೇ ಬಂದರು. ಶಾಲೆಯ ಒಳಾಂಗಣ ಕ್ರೀಡಾಂಗಣವೇ ಮತಗಟ್ಟೆ, ಅದರ ಹೊರಗೆ ಎರಡು ಗಂಟೆ ನಿಂತೆವು. ಚರ್ಚಿನವರೆಲ್ಲ ಅಲ್ಲೇ ಇದ್ದರು, ಎಲ್ಲರೂ ಅವರಿಗೆ ನಮಸ್ಕಾರ ಹೇಳುವವರೇ. ಬಾಗಿಲು ಬಂದಾಗ ಅವರು ಸಾಲು ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದರು.

"ನೀನು ಹೋಗಮ್ಮ. ನಂದು ಇಲ್ಲೀವರೆಗೇ."

"ಅಂದ್ರೆ?"

"ನಂಗೆ ಓಟಿಲ್ಲ."

ತಗ್ಗಿದ ದನಿಯಲ್ಲಿ ಹೇಳಿದರು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಬೇರೆ ಜಿಲ್ಲೆಯಲ್ಲಿ, ಚಿಕ್ಕಪ್ಪನ ಜೊತೆ ಪೈನ್ ಮರ ಕಡಿಯಲು ಹೋಗಿದ್ದರು. ಕಡಿದದ್ದರಲ್ಲಿ ಹನ್ನೊಂದು ಮರ ಬೇಲಿಯಾಚೆ, ಬೇರೆಯವರ ಜಮೀನಿನವು. ನಮ್ಮ ರಾಜ್ಯದಲ್ಲಿ ಮರದ ಕಳ್ಳತನಕ್ಕೆ ಜೈಲು ಒಂದಿಷ್ಟು ದಿನ, ಓಟು ಹೋಗುವುದು ಸಾಯುವವರೆಗೆ. ಶಾಸನಸಭೆ ಅವರೊಬ್ಬರ ಹೆಸರಿನಲ್ಲೇ ಮಸೂದೆ ಪಾಸು ಮಾಡಿದರೆ ವಾಪಸು ಸಿಗಬಹುದು. ಮಸೂದೆ ಎರಡು ಸಲ ಸಭೆಗೆ ಹೋಗಿ ಎರಡು ಸಲವೂ ಅಲ್ಲೇ ತೀರಿಕೊಂಡಿತ್ತು.

"ನಿಮ್ಗೇ ಓಟಿಲ್ಲ, ಎರಡು ವರ್ಷ ನನ್ ತಲೆ ತಿಂದ್ರಾ!" ಎಂದು ಕೂಗಿದೆ. ಸಾಲಿಗೆ ಸಾಲೇ ತಿರುಗಿತು. ಮೂವತ್ತು ವರ್ಷ ಅವರು ಬಚ್ಚಿಟ್ಟದ್ದನ್ನು ಇಡೀ ಚರ್ಚಿನ ಎದುರು ನಾನು ಒಂದೇ ಉಸಿರಿಗೆ ಹರಾಜು ಹಾಕಿದ್ದೆ. ಆಮೇಲೆ ಬಂದದ್ದು ನಾಚಿಕೆ. ಅದನ್ನು ಮುಚ್ಚಿಕೊಳ್ಳಲು, "ನಾನೂ ಮನೆಗೆ ಹೋಗ್ತೀನಿ," ಅಂದೆ.

"ಯಾಕೆ?" ಅಂದರು, ಹ್ಯಾಟು ತೆಗೆಯುತ್ತ. "ನೀನ್ಯಾವ ಮರ ಕಡ್ದೆ?"

ಒಳಗೆ ಹೋದೆ.

ಹೊರಗೆ ಬಂದಾಗ ಅವರು ಗೋಡೆಗೆ ಒರಗಿ ಅಲ್ಲೇ ನಿಂತಿದ್ದರು. ಯಾರಿಗೆ ಹಾಕಿದೆ ಅಂತ ಕೇಳುತ್ತಾರೆ ಅಂದುಕೊಂಡೆ.

"ಒಳಗೆ ಹೇಗಿರುತ್ತೆ?" ಅಂದರು.

ಆಗ ಹೊಳೆಯಿತು. ಮೊದಲ ಓಟು ಹಾಕುವ ಮುಂಚೆಯೇ ಅವರ ಹೆಸರು ಪಟ್ಟಿಯಿಂದ ಹೋಗಿತ್ತು. ಒಮ್ಮೆಯೂ ಹಾಕಿರಲಿಲ್ಲ.

"ನಮ್ ಚರ್ಚಿನ ಮಿಸ್ ಓಜೆಲಾ ಮೇಜಿನ ಹಿಂದೆ ಕೂತಿದ್ರು," ಅಂದೆ. "ನನ್ ಹೆಸರು ಕೇಳಿದ್ರು, ನಾನು ಯಾರು ಅಂತ ಗೊತ್ತಿಲ್ದೋರ ಥರ. ಸಹಿ ಹಾಕಿಸ್ಕೊಂಡು ಓಟಿನ ಚೀಟಿ ಕೊಟ್ರು. ರಟ್ಟಿನ ಮರೇಲಿ ನಿಂತು, ಹೆಸರಿನ ಪಕ್ಕದ ಸೊನ್ನೇನ ಪೆನ್ನಲ್ಲಿ ತುಂಬಿದೆ. ಓಟು ಎಣಿಸೋ ಯಂತ್ರದ ಬಾಯಿಗೆ ಚೀಟಿ ಇಟ್ಟೆ, ಅದು ಎಳ್ಕೊಳ್ತು."

"ಸದ್ದು ಬರುತ್ತಾ?"

"ಸ್ವಲ್ಪ."

ಅವರು ತಲೆಯಾಡಿಸಿದರು. "ಇನ್ನೊಂದ್ಸಲ ಹೇಳು, ಮೊದಲಿಂದ," ಅಂದರು.

ಮಿಸ್ ಓಜೆಲಾ ಹೆಸರು ಕೇಳಿದಲ್ಲಿಂದ ಮತ್ತೆ ಹೇಳಿದೆ.