ಸೇತುವೆಗೆ ಅಡ್ಡ ಕೂತ ದೊಡ್ಡಪ್ಪ

ಮೊನ್ನೆ ಆರ್.ಎಸ್. ಪುರಂನ ನಮ್ಮ ಮನೆಯ ಹಳೆಯ ಗೋಡೆ ಒಡೆಸುವಾಗ ನೆನೆದ ಸುಣ್ಣದ ಗಾರೆಯ ವಾಸನೆ ಬಂತು. ಒಡನೆ ನನ್ನ ತವರೂರು ಸಿರುಮುಗೈಯ ಪಕ್ಕದ ಮನೆಯ ದೊಡ್ಡಪ್ಪ ನೆನಪಾದರು. ರಕ್ತಸಂಬಂಧವೇನಿಲ್ಲ, ಅಪ್ಪ ಅವರನ್ನು ‘ಅಣ್ಣಾ’ ಎನ್ನುತ್ತಿದ್ದರು, ಅದಕ್ಕೇ ನನಗೆ ದೊಡ್ಡಪ್ಪ. ನಮ್ಮದು ಮಗ್ಗದ ಮನೆ. ಅವರು ಸೇತುವೆ ರಿಪೇರಿಯ ಮೇಸ್ತ್ರಿಯಾಗಿದ್ದವರು.

ನಿವೃತ್ತರಾದ ಮೇಲೂ ದಿನಾ ಊರಂಚಿನ ಹಳೆಯ ಸೇತುವೆಯನ್ನು ನೋಡಿ ಬರುತ್ತಿದ್ದರು. ಕಲ್ಲಿಗೆ ಮೊದಲು ಏನೂ ಆಗುವುದಿಲ್ಲ, ಸಂದಿನ ಗಾರೆಯನ್ನು ನೀರು ತೊಳೆಯುತ್ತದೆ, ಅಲ್ಲಿ ಅರಳಿಯ ಬೇರು ಇಳಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕೊನೆಗೆ ಕಲ್ಲನ್ನೂ ಸೀಳುತ್ತದೆ... ಹೀಗೆ ಬೆರಳಿಟ್ಟು ತೋರಿಸುತ್ತಿದ್ದರು.

ನನ್ನ ಮದುವೆ ಆಚೆ ದಡದ ಊರಿನಲ್ಲಿತ್ತು. ಹೊಳೆಯ ನೆರೆ ಇಳಿದು ಕೆಲವು ದಿನಗಳಾಗಿದ್ದವು. ನಮ್ಮ ವ್ಯಾನು ಸೇತುವೆ ತಲುಪಿದಾಗ ದೊಡ್ಡಪ್ಪ ದಾರಿಗೆ ಅಡ್ಡ ಕೂತಿದ್ದರು. ಸೊಂಟದವರೆಗೆ ಒದ್ದೆ, ಕೈಯಲ್ಲಿ ಉದ್ದನೆಯ ಬಿದಿರು. ಒಂದು ಕಂಬದ ಬುಡಕ್ಕೆ ಚುಚ್ಚಿದರೆ ಬಿದಿರು ಪೂರ್ತಿ ಒಳಗೆ ಹೋಯಿತಂತೆ. ನಿನ್ನೆ ಲಾರಿಯೇ ಹೋಗಿದೆ ಎಂದು ಡ್ರೈವರ್ ವಾದಿಸಿದ. ಒಳ್ಳೆಯ ದಿನ ಅಪಶಕುನ ಆಡಬೇಡಿ ಎಂದು ಅಪ್ಪ ಎಲ್ಲರೆದುರು ಬೈದರು.

“ಎಷ್ಟು ಬೇಕಾದ್ರೂ ಬಯ್ಯಿ ತಮ್ಮಾ. ಕಂಬದ ಅಡಿ ಮಣ್ಣೇ ಇಲ್ಲ. ಹುಡುಗೀನ ಪರಿಸಲ್‌ನಾಗ ಕರ್ಕೊಂಡು ಹೋಗು.”

ಅವರು ಏಳಲೇ ಇಲ್ಲ. ಆ ಬುಟ್ಟಿಯಂಥ ದೋಣಿಯಲ್ಲಿ ನಾಲ್ಕು ನಾಲ್ಕು ಜನರಾಗಿ ಹೊಳೆ ದಾಟುವಷ್ಟರಲ್ಲಿ ಮುಹೂರ್ತ ಮೀರಿತ್ತು. ಸಿಟ್ಟಿನಲ್ಲಿ ನಾನು ಅವರತ್ತ ತಿರುಗಿಯೂ ನೋಡಲಿಲ್ಲ.

ಸೇತುವೆ ಅಂದು ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಊರು ನಕ್ಕಿತು, ಅಪ್ಪ ಮಾತು ಬಿಟ್ಟರು. ದೊಡ್ಡಪ್ಪ ಮಾತ್ರ ಕಚೇರಿಗೆ ಅಲೆದು ಅಲೆದು ಸೇತುವೆಯನ್ನು ಮುಚ್ಚಿಸಿದರು. ಎರಡು ತಿಂಗಳ ಮೇಲೆ, ಮಳೆಯೂ ಇಲ್ಲದ ಒಂದು ಮಧ್ಯಾಹ್ನ, ಆ ಕಂಬ ಕುಸಿಯಿತು. ಮೇಲೆ ಯಾರೂ ಇರಲಿಲ್ಲ.

ತವರಿಗೆ ಬಂದಿದ್ದ ನಾನು ಅಪ್ಪನ ಹಿಂದೆಯೇ ಅವರ ಮನೆಗೆ ಹೋದೆ. ಅಪ್ಪ ಅವರ ಕೈ ಹಿಡಿದುಕೊಂಡು, “ತಪ್ಪು ಮಾತಾಡ್ಬಿಟ್ಟೆ ಅಣ್ಣಾ” ಎಂದರು. ದೊಡ್ಡಪ್ಪನ ಕಣ್ಣು ಒದ್ದೆಯಾಗಿತ್ತು. “ಬಿಡು ತಮ್ಮಾ. ಪಾಪ, ಅದೂ ಎಷ್ಟು ಕಾಲ ನಮ್ಮನ್ನ ಹೊತ್ತಿತ್ತು” ಎಂದರು.

ನನ್ನ ಬಾಣಂತನದ ದಿನಗಳಲ್ಲಿ ಅವರು ತೀರಿಕೊಂಡರು. ಮುಖ ನೋಡಲೂ ಹೋಗಲಾಗಲಿಲ್ಲ... ಈಗ ಹೊಸ ಸೇತುವೆಯ ಮೇಲೆ ಬಸ್ಸುಗಳು ಓಡಾಡುತ್ತವೆ. ಅಂದು ವ್ಯಾನು ಹೋಗಿದ್ದರೆ ಏನಾಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ, ಆದರೂ ಬೈಸಿಕೊಂಡು ಕೂತರು. ‘ತಪ್ಪಾಯಿತು ದೊಡ್ಡಪ್ಪ’ ಎಂದು ಅವರಿಗೆ ಹೇಳಬೇಕಿದ್ದ ಮಾತನ್ನು ಮಗಳಿಗೆ ಹೇಳುತ್ತಿರುತ್ತೇನೆ. ಕೇಳಬೇಕಾದವರು ಇಲ್ಲ.