ತುಕ್ಕು ಹಿಡಿಯುವ ಚಾಕು ಬೇಕು

ನಾನು ಬೀಳುವುದನ್ನು ನಾನು ಒಮ್ಮೆಯೂ ನೋಡಿಲ್ಲ. ಬೀದಿಗೆಲ್ಲ ಗೊತ್ತಿರುವ ಈ ಸಂಗತಿ ನನಗೆ ಮಾತ್ರ ಬೇರೆಯವರ ಬಾಯಿಂದಲೇ ತಿಳಿಯಬೇಕು. ಚಿಕ್ಕಂದಿನಿಂದ ನನಗೆ ಫಿಟ್ಸ್ ಇದೆ. ಮಾತ್ರೆ ತಪ್ಪಿಸುವುದಿಲ್ಲ. ಆದರೂ ತಿಂಗಳುಗಟ್ಟಲೆ ಸುಮ್ಮನಿದ್ದು, ಇನ್ನು ಹೋಯಿತು ಅಂದುಕೊಳ್ಳುವ ಹೊತ್ತಿಗೆ ಸರಿಯಾಗಿ ಬಂದು ವಕ್ಕರಿಸುತ್ತದೆ. ಬಿದ್ದಾಗ ನನಗೆ ಬೇಕಾಗುವುದು ಬಹಳ ಕಮ್ಮಿ. ಯಾರಾದರೂ ಒಬ್ಬರು ಹತ್ತಿರ ಬಂದು, ಬಾಯಿಗೆ ಬಂದದ್ದು ಹೊರಗೆ ಹರಿದುಹೋಗುವ ಹಾಗೆ, ನನ್ನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಇಲ್ಲದಿದ್ದರೆ ಉಸಿರು ಕಟ್ಟಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅಂದರೆ ನನ್ನ ಜೀವ ಇರುವುದು ಆ ಹೊತ್ತಿಗೆ ಆ ರಸ್ತೆಯಲ್ಲಿರುವ ಯಾರೋ ಗುರುತಿಲ್ಲದವರ ಕೈಯಲ್ಲಿ. ನಲವತ್ತು ದಾಟಿದ ಗಂಡಸಿಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ.

ನಮ್ಮಮ್ಮನ ಪ್ರಕಾರ ಮಾತ್ರ ನನ್ನ ಜೀವ ಇರುವುದು ಕಬ್ಬಿಣದಲ್ಲಿ.

ನಾನು ಶಾಲೆಗೆ ಹೋಗುತ್ತಿದ್ದಾಗ, ಕಾಮಾಕ್ಷಿಪಾಳ್ಯದ ನಮ್ಮ ವಠಾರದ ನಲ್ಲಿಯ ಹತ್ತಿರ ಮೊದಲ ಸಲ ಬಿದ್ದೆನಂತೆ. ನೀರಿಗೆ ನಿಂತಿದ್ದವರೆಲ್ಲ "ಕೈಗೆ ಕಬ್ಬಿಣ ಕೊಡ್ರೇ, ಕಬ್ಬಿಣ ಕೊಡ್ರೇ" ಎಂದು ಕೂಗಿದರಂತೆ. ಅಮ್ಮ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಕಿತ್ತು ನನ್ನ ಮುಷ್ಟಿಗೆ ತುರುಕಿದಳಂತೆ. ತುರುಕಿದ ಕೂಡಲೇ ಫಿಟ್ಸ್ ನಿಂತಿತಂತೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೆ. ತಾನಾಗಿ ಬಂದದ್ದು ತಾನಾಗಿ ನಿಂತಿತ್ತು. ಆದರೆ ಆ ಕ್ಷಣದಿಂದ ಅಮ್ಮ ನನ್ನ ಪಾಲಿನ ವೈದ್ಯಳಾಗಿಬಿಟ್ಟಳು. ಅಂದಿನಿಂದ ನನ್ನ ಜೇಬಿನಲ್ಲಿ ಬೀಗದ ಕೈ ಇಲ್ಲದ ದಿನವಿರಲಿಲ್ಲ.

ಒಮ್ಮೆ ಡಾಕ್ಟರ ಎದುರಿಗೇ ಕೇಳಿದ್ದಳು, "ಕಬ್ಬಿಣ ಹಿಡ್ಕೊಂಡ್ರೆ ಒಳ್ಳೇದಲ್ವಾ ಸಾರ್?" ಅವರು ನಕ್ಕು, "ಕೈಗೆ ಏನೂ ಕೊಡ್ಬೇಡಿ ಅಮ್ಮ, ಪಕ್ಕಕ್ಕೆ ಮಲಗಿಸಿ ಸಾಕು" ಅಂದರು. ಅಮ್ಮ ತಲೆಯಾಡಿಸಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಅವರು ಇಂಗ್ಲಿಷ್ ಓದಿದೋರು, ಹಾಗೇ ಹೇಳೋದು" ಅಂದಳು.

ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ಆದರೆ ಎಷ್ಟೋ ಸಲ ಕೂಗಾಡಿ ಆದಮೇಲೆ ಒಂದು ಅರ್ಥವಾಗಿದೆ. ಡಾಕ್ಟರಿಗೆ ಮಾತ್ರೆ ಬರೆಯುವ ಕೆಲಸವಿದೆ, ನನಗೆ ನುಂಗುವ ಕೆಲಸವಿದೆ. ಮಗ ಸಂಜೆ ಮನೆಗೆ ಬರುವವರೆಗೆ ಬಾಗಿಲಲ್ಲಿ ನಿಲ್ಲುವ ಅಮ್ಮನಿಗೆ ಮಾಡುವುದಕ್ಕೆ ಏನಿದೆ? ಈ ಕಬ್ಬಿಣ ಒಂದೇ. ಅದನ್ನೂ ಕಿತ್ತುಕೊಂಡರೆ ಅವಳು ಸುಮ್ಮನೆ ನಿಂತು ನೋಡಬೇಕು, ಅಷ್ಟು ಕಲ್ಲು ಮನಸ್ಸು ನನಗಿಲ್ಲ.

ಹೋದ ವರ್ಷ ಮನೆ ಓನರ್ ಬಾಗಿಲುಗಳಿಗೆಲ್ಲ ಹೊಸ ಬೀಗ ಹಾಕಿಸಿದರು. ಕೀ ಹಿತ್ತಾಳೆಯದು. ಅದೇ ತಿಂಗಳು ನಾನು ಮನೆಯ ಮೆಟ್ಟಿಲ ಹತ್ತಿರ ಬಿದ್ದು ನಾಲಿಗೆ ಕಚ್ಚಿಕೊಂಡೆ. ಅಮ್ಮನಿಗೆ ಅಷ್ಟು ಸಾಕಾಯಿತು.

"ಹಿತ್ತಾಳೆಗೆ ಏನು ಶಕ್ತಿ ಇರುತ್ತೆ? ಕೀ ಬೇಡ ಇನ್ಮೇಲೆ. ಬಾಣಂತಿ ತಲೆ ಹತ್ರ ಏನಿಡ್ತಾರೆ? ಕುಡ್ಲು ಇಡ್ತಾರೆ, ಚಾಕು ಇಡ್ತಾರೆ. ಯಾರಾದ್ರೂ ಬೀಗದ ಕೈ ಇಡ್ತಾರಾ?"

"ಕುಡ್ಲು ಹಿಡ್ಕೊಂಡು ಬಸ್ ಹತ್ತಿದ್ರೆ ಕಂಡಕ್ಟರ್ ಟಿಕೆಟ್ ಕೇಳಲ್ಲ, ಅದೊಂದು ಲಾಭ" ಅಂದೆ.

ಕೊನೆಗೆ ಮಡಚುವ ಚಾಕು, ಜೇಬಿನಲ್ಲಿ ಹಿಡಿಸುವಂಥದ್ದು, ಎಂದು ನಾವು ರಾಜಿಯಾದೆವು.

ಮೊದಲು ಫೋನಿನಲ್ಲಿ ಹುಡುಕಿದೆ. ದಿನವೂ ಜೇಬಿನಲ್ಲಿ ಇಟ್ಟುಕೊಳ್ಳುವ ಗಟ್ಟಿ ಚಾಕು ಯಾವುದು ಎಂದು ಪುಟಗಟ್ಟಲೆ ಬರೆದಿದ್ದರು. ಬರೆದವರೆಲ್ಲ ಟೆಂಟ್ ಹಾಕಿಕೊಂಡು ಕಾಡಿಗೆ ಹೋಗುವವರು. ನಾನು ನಾಯಂಡಹಳ್ಳಿಗೆ ಹೋಗುವವನು. ಹಿಂದೆ ನಮ್ಮ ಏರಿಯಾದಲ್ಲೇ ಲೇತ್ ಕೆಲಸ ಮಾಡುತ್ತಿದ್ದೆ. ಮೆಷಿನ್ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಹೇಳಿದ ಮೇಲೆ, ಅಲ್ಲೊಂದು ಟೈರ್ ಗೋಡೌನಿನಲ್ಲಿ ಬಿಲ್ ಬರೆಯಲು ಸೇರಿಕೊಂಡೆ. ನನ್ನ ಚಾಕು ಏನನ್ನೂ ಕೊಯ್ಯಬೇಕಾಗಿರಲಿಲ್ಲ. ಹಾಗೆ ಹೇಳುವ ಗಿರಾಕಿ ಆ ಪುಟಗಳಲ್ಲಿ ಒಬ್ಬನೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಶನಿವಾರ ಕಬ್ಬಿಣ ತರಬಾರದು ಎಂದು ಅಮ್ಮ ಒಂದು ದಿನ ತಡೆದಿದ್ದಳು. ಅಂಗಡಿಯವನು ಒಳ್ಳೆ ಮನುಷ್ಯ, ಕೆಲಸದಲ್ಲಿ ಉತ್ಸಾಹ ಇರುವವನು. ಕಪ್ಪು ಹಿಡಿಯ ಒಂದು ಚಾಕು ತೆಗೆದು, ಹೆಬ್ಬೆರಳಲ್ಲಿ ಹಾಗೆ ಮುಟ್ಟಿದ. ಟಕ್ ಎಂದು ಅಲಗು ಹೊರಗೆ ಬಂತು.

"ಹೆವಿ ಡ್ಯೂಟಿ ಸಾರ್. ಒಂದೇ ಕೈಲಿ ಬಿಚ್ಕೊಳುತ್ತೆ."

ನನಗೆ ನನ್ನ ತೊಡೆ ನೆನಪಾಯಿತು. ನಾನು ಕೆಳಗೆ ಬಿದ್ದು ಕೈಕಾಲು ಬಡಿಯುವಾಗ ಇದು ಮುಷ್ಟಿಯೊಳಗೆ ಟಕ್ ಅಂದರೆ ಏನು ಗತಿ?

"ಇಷ್ಟು ಸಲೀಸು ಬೇಡ. ಬಿಚ್ಚೋದು ಕಷ್ಟ ಆಗ್ಬೇಕು."

ಅವನು ನನ್ನ ಮುಖ ನೋಡಿದ. ಅಷ್ಟರಲ್ಲಿ ಅಮ್ಮ, "ತುಕ್ಕು ಹಿಡಿಯುತ್ತೇನಪ್ಪ?" ಎಂದು ಕೇಳಿದಳು.

"ಅಯ್ಯೋ ಇಲ್ಲಮ್ಮ! ಗ್ಯಾರಂಟಿ. ನೀರಲ್ಲಿ ಹಾಕಿಟ್ರೂ ಹಿಡಿಯಲ್ಲ."

"ಹಾಗಾದ್ರೆ ಬೇಡ. ತುಕ್ಕು ಹಿಡಿಯೋದು ಕೊಡು."

ಪಾಪ, ಅವನು ಕೈಯಲ್ಲಿದ್ದ ಚಾಕುವನ್ನು ಒಮ್ಮೆ, ನಮ್ಮಿಬ್ಬರನ್ನು ಒಮ್ಮೆ ನೋಡಿದ. ತುಕ್ಕು ಹಿಡಿಯಬೇಕು, ಬಿಚ್ಚಲು ಬರಬಾರದು, ಭಾರ ಇರಬೇಕು, ಹರಿತ ಹೇಗಿದ್ದರೂ ನಡೆಯುತ್ತದೆ. ಇಂಥ ಗಿರಾಕಿಗಳನ್ನು ಅವನ ಅಪ್ಪನ ಕಾಲದಲ್ಲೂ ಆ ಅಂಗಡಿ ಕಂಡಿರಲಾರದು. ನಾನು ನಿಜ ಹೇಳಿಬಿಡಬಹುದಿತ್ತು. ಆದರೆ ಅಂಗಡಿಯಲ್ಲಿ ಬೇರೆ ಜನ ಇದ್ದರು, ನನಗೆ ಫಿಟ್ಸ್ ಇದೆ ಎಂದು ಮೊಳೆ ಕೊಳ್ಳಲು ಬಂದವರ ಮುಂದೆ ಹೇಳಲು ಬಾಯಿ ಬರಲಿಲ್ಲ.

ಕೊನೆಗೆ ಅವನು ಮೇಲಿನ ಅಟ್ಟದಿಂದ ಒಂದು ಹಳೆಯ ಡಬ್ಬ ಇಳಿಸಿದ. ಕೇಬಲ್ ಕೆಲಸದವರು ತೆಗೆದುಕೊಂಡು ಹೋಗುತ್ತಿದ್ದ ಚಾಕುಗಳಂತೆ. ಮರದ ಹಿಡಿ, ದಪ್ಪ ಅಲಗು. ಉಗುರು ಸಿಕ್ಕಿಸಿ, ಎರಡು ಕೈಯಲ್ಲಿ ಎಳೆದರೂ ಮುನಿಸಿಕೊಂಡೇ ಹೊರಗೆ ಬರುತ್ತಿತ್ತು. ಅವನು ಕೊಡಲು ಬಂದಾಗ ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು, "ಕೆಳಗಿಡು" ಅಂದಳು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಕೌಂಟರಿನ ಗಾಜಿನ ಮೇಲಿಟ್ಟ. ಅಮ್ಮ ಎತ್ತಿಕೊಂಡು ಅಲಗನ್ನು ಹೆಬ್ಬೆರಳಲ್ಲಿ ಉಜ್ಜಿ ಮೂಸಿದಳು. ಕಬ್ಬಿಣದ ವಾಸನೆ ಬಂತೆಂದು ಕಾಣುತ್ತದೆ, ಮುಖ ಅರಳಿತು. ಬದನೆಕಾಯಿ ತೂಗುವ ಹಾಗೆ ಅಂಗೈಯಲ್ಲಿ ತೂಗಿ, "ಇದು ಸರಿ" ಅಂದಳು.

ಅಂದಿನಿಂದ ನನ್ನ ಪ್ಯಾಂಟಿನ ಬಲಗಡೆಯ ಜೇಬು ಜೋತುಬಿತ್ತು. ಮೆಟ್ರೋ ತಪ್ಪಿತು, ಅಲ್ಲಿ ತಪಾಸಣೆ ಮಾಡುತ್ತಾರೆ. ಬಸ್ಸೇ ಗತಿಯಾಯಿತು. ಮನೆಯಲ್ಲಿ ಅಮ್ಮ ತಾಲೀಮು ಶುರು ಮಾಡಿದಳು. ಫಿಟ್ಸ್ ಬರುವ ಮುಂಚೆ ನನಗೆ ಒಂದು ಸೂಚನೆ ಸಿಗುತ್ತದೆ. ಹೊಟ್ಟೆಯೊಳಗಿಂದ ಒಂದು ಬಿಸಿ ಎದ್ದು ಗಂಟಲ ಕಡೆ ಏರುತ್ತದೆ, ಎದುರಿಗೆ ಮಾತಾಡುವವರ ದನಿ ದೂರ ಹೋಗುತ್ತದೆ. ಆ ಸಣ್ಣ ಬಿಡುವಿನಲ್ಲಿ ಚಾಕು ಕೈಗೆ ಬಂದುಬಿಡಬೇಕು ಎಂಬುದು ಅವಳ ಲೆಕ್ಕ. ನಾನು ಸಾರನ್ನ ಕಲೆಸುತ್ತಿದ್ದರೂ ಸರಿ, ಪೇಪರ್ ಓದುತ್ತಿದ್ದರೂ ಸರಿ, ಒಳಗಿನಿಂದ "ಹಿಡ್ಕೋ!" ಎಂದು ಕೂಗುತ್ತಿದ್ದಳು. ನಾನು ತಟ್ಟನೆ ಜೇಬಿಗೆ ಕೈ ಹಾಕಿ, ಮಡಚಿದ ಚಾಕು ಹೊರಗೆಳೆದು ಮುಷ್ಟಿ ಬಿಗಿಯಬೇಕು. ತಡವಾದರೆ ಬೈಗುಳ. ತಲೆ ನರೆಯುತ್ತಿರುವ ಮಗ ತಟ್ಟೆಯ ಮುಂದೆ ಕೂತು ಚಾಕು ಎಳೆಯುವ ಚಂದವನ್ನು ನೋಡಿದ ಪಕ್ಕದ ಮನೆಯಾಕೆ ಒಂದು ವಾರ ನಮ್ಮ ಮನೆ ಕಡೆ ಬರಲಿಲ್ಲ. ಕಲಿತೆ. ಕೈ ತಾನೇ ಕಲಿತುಬಿಟ್ಟಿತು.

ನಾಯಂಡಹಳ್ಳಿಯಲ್ಲಿ ಗೋಡೌನ್ ಮುಚ್ಚಿ ಬಸ್‌ಸ್ಟಾಪಿಗೆ ಬಂದ ಒಂದು ಸಂಜೆ ಅದು ಬಂತು. ಫ್ಲೈಓವರ್ ಕೆಳಗೆ ಟ್ರಾಫಿಕ್ ಕಟ್ಟಿ ನಿಂತಿತ್ತು, ಸ್ಟಾಪಿನಲ್ಲಿ ಜನ ಒತ್ತಾಗಿ ನಿಂತಿದ್ದರು. ಪಕ್ಕದಲ್ಲಿ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು, ಆ ದನಿ ಸಣ್ಣಗಾಗತೊಡಗಿತು. ಹೊಟ್ಟೆಯಲ್ಲಿ ಬಿಸಿ ಎದ್ದಿತು. ಕೈ ಜೇಬಿಗೆ ಹೋಯಿತು. ಅಷ್ಟೇ ನನಗೆ ಗೊತ್ತಿರುವುದು.

ಎಚ್ಚರವಾದಾಗ ಮೊದಲು ಕಂಡದ್ದು ಚಪ್ಪಲಿಗಳು. ನನ್ನ ಸುತ್ತ ದುಂಡಗೆ, ಎಲ್ಲವೂ ಒಂದೇ ದೂರದಲ್ಲಿ ನಿಂತಿದ್ದವು. ನಾನು ಅಂಗಾತ ಬಿದ್ದಿದ್ದೆ. ಕತ್ತು ಒಂದು ಕಡೆ ವಾಲಿತ್ತು, ಅದು ನನ್ನ ಪುಣ್ಯ. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಹಣೆ ಒಡೆದದ್ದು ಸ್ಟಾಪಿನ ಕಂಬಕ್ಕೆ, ಅದೂ ಕಬ್ಬಿಣದ್ದೇ.

"ಹತ್ರ ಹೋಗ್ಬೇಡ ಗುರು, ಚಾಕು ಐತೆ ಕೈಲಿ."

"ಎಣ್ಣೆ ಏಟು. ಯಾರ್ಗೋ ಹಾಕಕ್ಕೆ ಬಂದಿದ್ದ."

"ಏಯ್, ಬಿಡೋ ಅದನ್ನ! ಬಿಸಾಕೋ!"

ಯಾರಿಗೆ ಹೇಳುತ್ತಿದ್ದಾರೆ ಎಂದು ತಿಳಿಯಲು ನನಗೆ ಬಹಳ ಹೊತ್ತು ಹಿಡಿಯಿತು. ನನಗೇ. ಬಿಡಬೇಕು ಅಂದುಕೊಂಡೆ. ಬೆರಳು ಬಿಚ್ಚಲಿಲ್ಲ. ಫಿಟ್ಸ್ ಬಂದು ಹೋದ ಮೇಲೆ ನನ್ನ ಕೈ ಸ್ವಲ್ಪ ಹೊತ್ತು ನನ್ನದಾಗಿರುವುದಿಲ್ಲ. ಆ ಮುಷ್ಟಿಯನ್ನು ನಾನು ಬೇರೆ ಯಾರದೋ ಮುಷ್ಟಿ ಎಂಬಂತೆ ನೋಡುತ್ತಾ ಮಲಗಿದ್ದೆ. ಚಾಕು ಮಡಚಿಯೇ ಇತ್ತು. ಆದರೆ ಬಗ್ಗಿ ನೋಡುವವರು ಯಾರು? ಫಿಟ್ಸ್ ಎಂದು ಹೇಳೋಣವೆಂದರೆ ನಾಲಿಗೆ ಕಡಿದು ಬಾತುಕೊಂಡಿತ್ತು. ಬಾಯಿಂದ ಬಂದದ್ದು ಬರೀ ಉಬ್ಬಸ, ಅದನ್ನು ಕೇಳಿ ಚಪ್ಪಲಿಗಳು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದವು. ನಾನು ಅತ್ತೆ. ಅಷ್ಟು ಜನರ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಅತ್ತೆ.

ಕೈ ತನಗೆ ಮನಸ್ಸು ಬಂದಾಗ ಸಡಿಲವಾಯಿತು. ಚಾಕು ಕೆಳಗೆ ಜಾರಿತು. ಯಾರದೋ ಕಾಲು ಅದನ್ನು ಪಕ್ಕಕ್ಕೆ ಒದೆಯಿತು.

ಆಮೇಲೆ ಎಷ್ಟು ಕೈಗಳು ಬಂದವೋ ಲೆಕ್ಕವಿಲ್ಲ. ಒಬ್ಬರು ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು, ಒಬ್ಬರು ತಮ್ಮ ಕರ್ಚೀಫನ್ನೇ ಹಣೆಗೆ ಒತ್ತಿದರು. ಎಣ್ಣೆ ಏಟು ಅಂದ ದನಿಯೇ "ನೀರು ತನ್ರೋ" ಎಂದು ಕೂಗುತ್ತಿತ್ತು. ಕೆಟ್ಟವರು ಒಬ್ಬರೂ ಇರಲಿಲ್ಲ. ಆಟೋ ಕರೆದು ನನ್ನನ್ನು ಕೂರಿಸಿದರು. ಹೆಗಲಿಗೆ ಊಟದ ಬ್ಯಾಗ್ ಹಾಕಿಕೊಂಡಿದ್ದ ಒಬ್ಬ ಹೆಂಗಸು ಚಾಕುವನ್ನು ಪೇಪರಿನಲ್ಲಿ ಸುತ್ತಿ ತಂದು, ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟರು. ನನ್ನ ಹಾಗೆ ಅವರೂ ಬಸ್ಸಿಗೆ ಕಾಯುತ್ತಿದ್ದವರು.

"ನಮ್ಮ ತಮ್ಮನಿಗೂ ಇದೆ ಅಣ್ಣ ಇದು. ಬಿದ್ದ ತಕ್ಷಣ ಗೊತ್ತಾಯ್ತು ನನಗೆ. ಗೊರಗೊರ ಅಂತಿದ್ರಿ, ಪಕ್ಕಕ್ಕೆ ಹೊರಳಿಸ್ಬೇಕು ಅಂತಾನೂ ಗೊತ್ತಿತ್ತು" ಅಂದರು. ಅವರ ಕಣ್ಣು ತುಂಬಿತ್ತು. "ಚಾಕು ನೋಡಿ ಹೆದರ್ಕೊಂಡ್ಬಿಟ್ಟೆ. ತಪ್ಪು ತಿಳ್ಕೋಬೇಡಿ ಅಣ್ಣ."

ನಾನು ತಲೆಯಾಡಿಸಿದೆ. ಅಷ್ಟು ಜನರಲ್ಲಿ ನನ್ನನ್ನು ಉಳಿಸಲು ಬಲ್ಲವರು ಒಬ್ಬರು ನಿಜವಾಗಿಯೂ ಅಲ್ಲಿದ್ದರು, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದರು.

ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿಕೊಂಡು ಹೋದೆ. ಅಮ್ಮ ಬಾಗಿಲಲ್ಲೇ ಇದ್ದಳು. ಬ್ಯಾಂಡೇಜ್ ನೋಡಿ ಕೂಗಲಿಲ್ಲ, ಅಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ನನ್ನ ಬಲಗೈ ಹಿಡಿದು ಬಿಡಿಸಿದಳು. ಚಾಕುವಿನ ಹಿಡಿ ಒತ್ತಿ ಅಂಗೈ ನೀಲಿಗಟ್ಟಿತ್ತು.

"ಹಿಡ್ಕೊಂಡಿದ್ಯಾ?"

"ಹೂಂ."

"ಬಿಡ್ಲಿಲ್ವಾ?"

"ಬಿಡೋಕೇ ಆಗ್ಲಿಲ್ಲಮ್ಮ."

ಅವಳು ಗೋಡೆಯ ಮೇಲಿನ ದೇವರ ಫೋಟೋ ಕಡೆ ತಿರುಗಿ ಕೈ ಮುಗಿದಳು. ಕೊಬ್ಬರಿ ಎಣ್ಣೆ ತಂದು ನನ್ನ ಅಂಗೈಗೆ ಮೆಲ್ಲಗೆ ತಿಕ್ಕತೊಡಗಿದಳು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಆ ಹೆಂಗಸಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅಮ್ಮ ನನ್ನ ಒಂದೊಂದೇ ಬೆರಳು ಬಿಡಿಸಿ ಎಣ್ಣೆ ಹಚ್ಚುತ್ತಿದ್ದಳು.

"ಕಬ್ಬಿಣ ಇದ್ದಿದ್ದಕ್ಕೆ ಇಷ್ಟರಲ್ಲಿ ಹೋಯ್ತು ಕಣೋ" ಅಂದಳು. ಆಮೇಲೆ ನನ್ನ ಹಣೆಯ ಬ್ಯಾಂಡೇಜ್ ನೋಡಿದಳು. "ಆದ್ರೂ ಇಷ್ಟು ಗಾಯ ಆಗಿದೆ ಅಂದ್ರೆ, ಇದು ಹಗುರ ಆಯ್ತೇನೋ. ಇನ್ನೂ ಸ್ವಲ್ಪ ದೊಡ್ಡದು ತಗೊಳ್ಳೋಣ."

ನಾನು ಅವಳ ಮುಖ ನೋಡಿದೆ.

"ಭಾನುವಾರ ಹೋಗೋಣಮ್ಮ" ಅಂದೆ.