ಒಂಬತ್ತನೇ ದಿನದ ಸುತ್ತು

ಹೆರಿಂಗ್ ಹೊಳೆಯ ಎರಡೂ ದಂಡೆಯಲ್ಲಿ, ಬಿಳಿಯರಿರಲಿ ಕರಿಯರಿರಲಿ, ಇಪ್ಪತ್ತೈದು ದಾಟದ ಯಾರನ್ನೇ ಕೇಳಿ, ಭೂಮಿಗೆ ಬಿದ್ದಾಗ ಅವರನ್ನು ಮೊದಲು ಹಿಡಿದದ್ದು ಸೂಲಗಿತ್ತಿ ಲೆಟ್ಟಿಯ ಕೈ. ಆದರೆ ಆ ಕೈ ಲೆಟ್ಟಿಯದಲ್ಲ, ದೊರೆಸಾನಿಯದು. ಕೈ, ಕಾಲು, ಹೊಟ್ಟೆ, ಹೊಟ್ಟೆಯಲ್ಲಿ ಹುಟ್ಟಿದ್ದು ಎಲ್ಲವೂ ದೊರೆಸಾನಿಯದೇ. ಮೇರಿಲ್ಯಾಂಡಿನ ಗುಲಾಮರ ಕಾನೂನು ಹಾಗೆನ್ನುತ್ತಿತ್ತು. ಕಾನೂನಿಗೇನು, ಹೊತ್ತ ಭಾರವೇ, ಹೆತ್ತ ನೋವೇ!

ಲೆಟ್ಟಿಯ ಜೇಬಿನಲ್ಲಿ ಸದಾ ಒಂದು ಚೀಟಿ ಇರುತ್ತಿತ್ತು. ಈಕೆಯನ್ನು ಯಾರೂ ತಡೆಯಬಾರದು, ಹೆರಿಗೆಗೆ ಹೋಗುತ್ತಿದ್ದಾಳೆ ಎಂದು ಅದರಲ್ಲಿ ಬರೆದಿದೆಯಂತೆ. ಓದಲು ಬಾರದ ಲೆಟ್ಟಿ ಅದನ್ನು ನಂಬಿ ನಡೆಯುತ್ತಿದ್ದಳು. ಜೌಗಿನ ಮೇಲೆ ಮಂಜು ಕವಿದಿರುತ್ತಿತ್ತು, ಜೊಂಡಿನೊಳಗಿಂದ ಬಾತುಗಳ ಸದ್ದು ಬರುತ್ತಿತ್ತು. ಎರಡು ರಾತ್ರಿ ನಿದ್ದೆಗೆಟ್ಟ ಲೆಟ್ಟಿಗೆ ನಡೆಯುತ್ತಲೇ ಕಣ್ಣು ಮುಚ್ಚಿಹೋಗುತ್ತಿತ್ತು. ಆಗ ಮಂಜಿನೊಳಗಿಂದ ಅವಳ ಇಬ್ಬರು ಗಂಡುಮಕ್ಕಳು ಬಂದು ಅಕ್ಕಪಕ್ಕ ನಡೆಯುತ್ತಿದ್ದರು. ದೊರೆಸಾನಿಯ ಗಂಡ ಸತ್ತ ವರ್ಷ ದಕ್ಷಿಣದ ವ್ಯಾಪಾರಿ ಸರಪಳಿ ಹಾಕಿ ಹೊಡೆದುಕೊಂಡು ಹೋದ ಮಕ್ಕಳವರು. ಒಬ್ಬನಿಗೆ ಹನ್ನೆರಡು, ಒಬ್ಬನಿಗೆ ಒಂಬತ್ತು. ಮಂಜಿನಲ್ಲಿ ಅವರು ಬೆಳೆಯುತ್ತಲೇ ಇರಲಿಲ್ಲ. ಲೆಟ್ಟಿ ಅವರ ಜೊತೆ ಮಾತಾಡುತ್ತ ಮೈಲಿಗಟ್ಟಲೆ ನಡೆದುಬಿಡುತ್ತಿದ್ದಳು.

ಉಳಿದವಳು ಫೀಬಿ ಒಬ್ಬಳೇ. ಅವಳನ್ನು ಮಾತ್ರ ಮಾರುವುದಿಲ್ಲ ಎಂದು ದೊರೆಸಾನಿ ಬೈಬಲ್ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು. ಅಕ್ಕಪಕ್ಕದ ಬಿಳಿಯ ಹೆಂಗಸರು, "ಏನ್ರೀ, ನಿಮ್ ಲೆಟ್ಟಿ ಹಿಂಗೆ ಊರೂರು ಸುತ್ತುತಾಳಲ್ಲ, ಓಡಿ ಹೋದ್ರೆ?" ಎಂದು ಕೇಳಿದರೆ ನಗುತ್ತಿದ್ದಳು. "ಲೆಟ್ಟಿನಾ? ನನ್ನ ಕೈನ ನಾನು ನಂಬಲ್ವಾ?"

ನಂಬಿಕೆಯಂತೆ ನಂಬಿಕೆ! ಫೀಬಿಯನ್ನು ಆರನೇ ವಯಸ್ಸಿನಿಂದಲೇ ದೊಡ್ಡ ಮನೆಯೊಳಗೆ ಹೊಲಿಗೆಗೆ ಕೂರಿಸಿಕೊಂಡಿದ್ದಳು, ಮಲಗುವುದೂ ದೊರೆಸಾನಿಯ ಬಾಗಿಲ ಬಳಿಯೇ. ಕರುವನ್ನು ಕಟ್ಟಿಹಾಕಿ ಹಸುವನ್ನು ಬಿಟ್ಟರೆ ಹಸು ಎಲ್ಲಿಗೆ ಹೋದೀತು?

ಗುಲಾಮರ ಬಿಡುಗಡೆ ತಂದ ಯುದ್ಧಕ್ಕೆ ಏಳೆಂಟು ವರ್ಷ ಮುಂಚಿನ ಮಾತು. ಜೋಳದ ತೆನೆ ಸುಲಿಯುವ ಕಾಲದಲ್ಲಿ ದೊರೆಸಾನಿಯ ತಂಗಿಯ ಮಗಳಿಗೆ ಮಿಸಿಸಿಪ್ಪಿಯ ಹತ್ತಿಹೊಲದ ಒಡೆಯನ ಜೊತೆ ಮದುವೆ ನಿಶ್ಚಯವಾಯಿತು. ಉಡುಗೊರೆಯಲ್ಲಿ ಬೆಳ್ಳಿಯ ಚಮಚಗಳು, ಗರಿಯ ಹಾಸಿಗೆ, ಫೀಬಿ. ಹದಿನೇಳರ ಹುಡುಗಿ.

"ಅಮ್ಮಾವ್ರೇ, ಮಾರಲ್ಲ ಅಂತ ಬೈಬಲ್ ಮುಟ್ಟಿದ್ರಿ," ಅಂದಳು ಲೆಟ್ಟಿ.

"ಮಾರ್ತಾ ಎಲ್ಲಿದೀನಿ? ಕೊಡ್ತಾ ಇದೀನಿ. ಅದೂ ನಮ್ಮನೆ ಮಗೂಗೆ. ಮಾತು ತಪ್ಪಿದೀನಾ ಹೇಳು?"

ಲೆಟ್ಟಿ ಇಲ್ಲ ಅಮ್ಮಾವ್ರೇ ಎಂದಳು. ಹೊರಗೆ ಬಂದು ಬಾವಿಕಟ್ಟೆ ಹಿಡಿದುಕೊಂಡು ನಿಂತಳು. ಮುಖದ ಮೇಲೆ ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸ.

ಅದೇ ವಾರ ರೋಡಾ ಹೆತ್ತಳು. ರೋಡಾ ಸಹ ದೊರೆಸಾನಿಯ ಆಳೇ. ಆಳುಗಳ ಕೇರಿಯ ಕೊನೆಯ ಗುಡಿಸಲು ಅವಳದು, ಬೆನ್ನು ಹೊಳೆಗೆ, ಮುಖ ಅಂಗಳಕ್ಕೆ, ಇರುವುದೊಂದೇ ಬಾಗಿಲು. ಗಂಡ ಶಡ್ರಾಕ್ ಸ್ವತಂತ್ರನಾದವನು, ಸ್ವಂತ ದೋಣಿಯಲ್ಲಿ ಚಿಪ್ಪುಮೀನು ಎತ್ತುವವನು. ಆಚೆ ದಂಡೆಯಲ್ಲಿ ಅವನ ತಾಯಿ ಸಿಲ್ವಿ, ಅವಳೂ ಸ್ವತಂತ್ರಳೇ. ಸಿಲ್ವಿಗೂ ಲೆಟ್ಟಿಗೂ ಎಣ್ಣೆ ಸೀಗೆಕಾಯಿ. ಮೂರು ವರ್ಷದ ಹಿಂದೆ ರೋಡಾಳ ಮೊದಲ ಕೂಸು ಲೆಟ್ಟಿಯ ಕೈಯಲ್ಲೇ ಉಸಿರು ನಿಲ್ಲಿಸಿತ್ತು. "ನನ್ನ ಮೊಮ್ಮಗೂನ ನುಂಗಿದ ಕೈ," ಎಂದು ಸಿಲ್ವಿ ಪ್ರಾರ್ಥನೆಗೆ ಸೇರಿದ ಜನರೆದುರೇ ಉಗಿದಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈ ಸಲದ ಕೂಸು ಗಂಡು, ಗಟ್ಟಿಮುಟ್ಟು. ಮರುದಿನ ನಸುಕಿನ ಮಂಜಿನಲ್ಲಿ ಮೊಟ್ಟೆ ತರಲು ಹೋದ ಫೀಬಿ ಕೋಳಿಗೂಡಿಗೆ ಹೋಗದೆ ರೋಡಾಳ ಗುಡಿಸಲಿಗೆ ನುಗ್ಗಿದಳು. ತಾಯಿ ಹೇಳಿಕೊಟ್ಟ ಹಾಗೆ.

"ಸಿಕ್ಕಿದ್ರೆ ನಿನ್ನೂ ಮಾರ್ತಾರೆ ಕಣೇ," ಎಂದು ಲೆಟ್ಟಿ ರೋಡಾಳಿಗೆ ಮೊದಲೇ ಹೇಳಿದ್ದಳು.

"ಗೊತ್ತು ದೊಡ್ಡವ್ವ," ಅಂದಳು ರೋಡಾ, ಕೂಸಿಗೆ ಮೊಲೆ ಕೊಡುತ್ತ. "ಹಾಸಿಗೆ ದೊಡ್ಡದಿದೆ. ಗೋಡೆ ಕಡೆ ಮಲಕ್ಕೊಳ್ಲಿ."

ನಾಯಿಗಳು, ಕುದುರೆಗಳು, ಕೋವಿಗಳು ಎಲ್ಲವೂ ಉತ್ತರದ ದಾರಿ ಹಿಡಿದು ಓಡಿದವು. ಓಡಿಹೋದವರು ಗುಲಾಮಗಿರಿಯಿಲ್ಲದ ಉತ್ತರಕ್ಕಲ್ಲದೆ ಎಲ್ಲಿಗೆ ಹೋಗುತ್ತಾರೆ? ದೊಡ್ಡ ಮನೆಗೆ ಮುನ್ನೂರು ಹೆಜ್ಜೆ ದೂರದ ಬಾಣಂತಿ ಕೋಣೆ ಯಾರಿಗೂ ಹೊಳೆಯಲಿಲ್ಲ.

ಬಾಣಂತಿಗೆ ನಮ್ಮಲ್ಲಿ ಒಂಬತ್ತು ದಿನ. ಅಷ್ಟು ದಿನ ಒಲೆ ಆರಬಾರದು, ಬೂದಿ ಹೊರಗೆ ಹಾಕಬಾರದು, ಅವಳು ಹೊಸ್ತಿಲು ದಾಟಬಾರದು, ಗಂಡಸು ಒಳಗೆ ಕಾಲಿಡಬಾರದು. ಒಂಬತ್ತನೇ ದಿನ ಸೂಲಗಿತ್ತಿ ಅವಳಿಗೆ ಹೊಲಿಗೆಯ ಬೆರಳುಟೋಪಿಯಲ್ಲಿ ಒಂದು ಗುಟುಕು ನೀರು ಕುಡಿಸಿ, ಗಾಳಿ ತಾಗದಂತೆ ತಲೆಯಿಂದ ಮೊಣಕಾಲವರೆಗೆ ಶಾಲು ಹೊದಿಸಿ, ಕೂಸನ್ನು ಕೈಗಿಟ್ಟು, ಮನೆಯ ಸುತ್ತ ಒಂದು ಸುತ್ತು ನಡೆಸಿಕೊಂಡು ಬರುತ್ತಾಳೆ. ಸುತ್ತು ಮುಗಿಯುವ ತನಕ ಯಾರೂ ಅವರನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ.

ಮೂರನೇ ದಿನ ಆಳುಗಳನ್ನು ಕಾಯುವ ಮೇಸ್ತ್ರಿ ಪ್ರೂಯಿಟ್ ಬಂದ. ಬಾಗಿಲಿಗೆ ಲೆಟ್ಟಿ ಅಡ್ಡ ನಿಂತಳು.

"ಸರಿ ಆಚೆ. ಒಳಗೆ ನೋಡ್ಬೇಕು."

"ನೋಡಿ ದಣಿ. ನಿಮ್ಮನೆಯವ್ರಿಗೆ ಈಗ ಏಳು ತಿಂಗ್ಳಲ್ವಾ?"

"ಹೌದು. ಅದಕ್ಕೂ ಇದಕ್ಕೂ ಏನು?"

"ಏನಿಲ್ಲ. ಬಸುರಿ ಗಂಡ ಹಸಿ ಬಾಣಂತಿ ಹೊಸ್ತಿಲು ದಾಟಿದ್ರೆ ಕೂಸು ಅಡ್ಡ ತಿರುಗುತ್ತೆ ಅಂತಾರೆ. ಆಮೇಲೆ ತಿರುಗ್ಸೋಳು ನಾನೇ ತಾನೆ, ಪರವಾಗಿಲ್ಲ, ಬನ್ನಿ."

ಅಂಥ ಶಾಸ್ತ್ರ ಲೋಕದಲ್ಲೆಲ್ಲೂ ಇಲ್ಲ. ಆ ಗಳಿಗೆಯಲ್ಲಿ ಲೆಟ್ಟಿಯ ನಾಲಿಗೆಯ ಮೇಲೆ ಹುಟ್ಟಿದ್ದು. ಪ್ರೂಯಿಟ್ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ.

ಒಳಗೆ ಹಗಲಿಗೂ ಸಂಜೆಗೂ ವ್ಯತ್ಯಾಸವಿರಲಿಲ್ಲ. ಬಾಣಂತಿಯ ಉಪಚಾರದ ನೆವದಲ್ಲಿ ಲೆಟ್ಟಿ ದಿನವಿಡೀ ಅಲ್ಲೇ. ಒಲೆಯ ಕೆಂಡ, ಹೊಗೆ, ಹಾಲಿನ ವಾಸನೆ, ಕೂಸಿನ ಉಸಿರು. ಮಗಳ ಪಕ್ಕದಲ್ಲಿ ಮಲಗಿ ಸೂರು ನೋಡುತ್ತಿದ್ದಳು. ಆರು ವರ್ಷದ ಹುಡುಗಿ ಕೈಬಿಟ್ಟು ಹೋದಮೇಲೆ ಹಗಲು ಹೊತ್ತು, ಕೆಲಸವಿಲ್ಲದೆ, ಇಬ್ಬರೂ ಒಟ್ಟಿಗಿದ್ದದ್ದು ಇದೇ ಮೊದಲು. ಮಗಳು ನಿದ್ದೆಯಲ್ಲಿ ಮೂಗು ಉಜ್ಜಿಕೊಳ್ಳುತ್ತಾಳೆ ಎನ್ನುವುದು ಅವಳಿಗೆ ಆಗ ಗೊತ್ತಾಯಿತು. ಎಷ್ಟೋ ಸಲ ಅರೆನಿದ್ದೆಯಲ್ಲಿ ಗಂಡುಹುಡುಗರೂ ಬಂದು ಒಲೆಯ ಬಳಿ ಕೂತಂತಾಗುತ್ತಿತ್ತು. ನಾಲ್ವರೂ ಬಿಸಿ ಬೂದಿಯಲ್ಲಿ ಸುಟ್ಟ ಜೋಳದ ರೊಟ್ಟಿಯನ್ನು ಕಾಕಂಬಿಯಲ್ಲಿ ಅದ್ದಿ ತಿನ್ನುತ್ತಿರುವಂತೆ. ಆ ಒಂಬತ್ತು ದಿನ ಲೆಟ್ಟಿ ಸುಖವಾಗಿದ್ದಳು. ಹೇಳಲು ಸಂಕಟವಾಗುತ್ತದೆ, ಆದರೆ ನಿಜ.

"ನೀನೂ ಬರ್ಬೇಕು ಅವ್ವ. ಇಲ್ದಿದ್ರೆ ನಾನು ಹೋಗಲ್ಲ, ಈಗ್ಲೇ ಹೇಳಿದೀನಿ," ಎಂದು ಫೀಬಿ ಪಟ್ಟು ಹಿಡಿದಳು.

"ಬರ್ತೀನಿ."

"ಆಣೆ?"

"ಎಷ್ಟು ಸಲ ಹೇಳ್ಲಿ? ಬರ್ತೀನಿ ಮಗಳೇ."

ನೋವು ತಿನ್ನುವ ಹೆಂಗಸಿಗೆ ಲೆಟ್ಟಿ ಎಂದೂ ಸುಳ್ಳು ಹೇಳಿದವಳಲ್ಲ. ಇನ್ನೂ ಹೊತ್ತಿದೆ ಎಂದರೆ ಇನ್ನೂ ಹೊತ್ತಿದೆ ಎಂದೇ ಹೇಳುತ್ತಿದ್ದಳು. ಸ್ವಂತ ಮಗಳಿಗೆ ಮಾತ್ರ ಸುಳ್ಳು ಹೇಳಿದಳು.

ಐದನೇ ದಿನ ಶಡ್ರಾಕ್ ಒಂದು ಬುಟ್ಟಿ ಚಿಪ್ಪುಮೀನು ತಂದು, ಹೊಸ್ತಿಲಾಚೆ ಕೂತು, ಹೆಂಡತಿಯ ಆರೋಗ್ಯ ಕೇಳುವವನಂತೆ ಗುಟ್ಟು ಮಾತಾಡಿದ.

"ಒಂಬತ್ತನೇ ದಿನ ಬಿಸಿಲು ಏರೋ ಹೊತ್ತಿಗೆ ಉಬ್ಬರ. ಆಗ ಮಾತ್ರ ದೋಣಿ ಹಿತ್ತಲ ತನಕ ಬರುತ್ತೆ ದೊಡ್ಡವ್ವ."

"ರೋಡಾ ಬದಲು ಫೀಬಿ ಶಾಲು ಹೊದ್ದು ಸುತ್ತಿಗೆ ಹೊರಡ್ತಾಳೆ. ಹಿತ್ತಲಲ್ಲಿ ದೋಣಿ ಹತ್ತುತಾಳೆ. ಆದ್ರೆ ಇಬ್ರು ಹೋದ ಮೇಲೆ ಇಬ್ರು ವಾಪಸ್ ಬರ್ಬೇಕಲ್ಲಪ್ಪ. ಶಾಲಿನೊಳಗೆ ಯಾರು ಬರ್ತಾರೆ?"

ಶಡ್ರಾಕ್ ತಲೆ ಕೆರೆದುಕೊಂಡ. "ನಮ್ಮವ್ವ ಒಬ್ಳೇ ಇರೋದು."

"ಸಿಲ್ವಿನಾ? ನನ್ನ ನೆರಳು ಕಂಡ್ರೆ ಉಗೀತಾಳೆ! ಸ್ವತಂತ್ರದೋಳು ಬೇರೆ, ಸಿಕ್ಕಿಬಿದ್ರೆ ಬಿಡುಗಡೆ ಕಾಗದಾನೂ ಕಿತ್ಕೊಂಡು ಮಾರ್ತಾರೆ. ಯಾಕೆ ಬರ್ತಾಳೆ?"

"ಕೇಳ್ನೋಡ್ತೀನಿ."

"ಬರ್ದಿದ್ರೆ?"

ಅವನು ಖಾಲಿ ಬುಟ್ಟಿ ಎತ್ತಿಕೊಂಡು ಎದ್ದು ಹೋದ.

ಎಂಟನೇ ದಿನ ಉತ್ತರಕ್ಕೆ ಹೋದ ನಾಯಿಗಳು ಬರಿ ಮೂತಿಯಲ್ಲಿ ವಾಪಸಾದವು. ಪ್ರೂಯಿಟನಿಗೆ ಸಂಶಯ ಹತ್ತಿತು. ಅಂಗಳದ ಮರದ ಕೆಳಗೆ ಕೋವಿ ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಕಣ್ಣು ನೆಟ್ಟು ಕೂತುಬಿಟ್ಟ. "ನಾಳೆ ಆ ಸುತ್ತು ಮುಗೀಲಿ, ಒಳಗೆ ಬಂದೇ ನೋಡ್ತೀನಿ," ಅಂದ.

ಒಂಬತ್ತನೇ ದಿನ ಬಿಸಿಲು ಬಂದರೂ ಮಂಜು ಹೋಗಲಿಲ್ಲ. ಲೆಟ್ಟಿ ಬೆರಳುಟೋಪಿಯ ನೀರನ್ನು ರೋಡಾಳಿಗೇ ಕುಡಿಸಿದಳು, ಶಾಸ್ತ್ರ ಶಾಸ್ತ್ರವೇ. ಶಾಲನ್ನು ಫೀಬಿಗೆ ಹೊದಿಸಿದಳು. ಕೂಸನ್ನು ಕೊಡುವಾಗ ರೋಡಾಳ ಕೈ ಒಂದು ಕ್ಷಣ ಬಿಡಲಿಲ್ಲ, ಆಮೇಲೆ ಬಿಟ್ಟಿತು.

ಇಬ್ಬರೂ ಹೊಸ್ತಿಲು ದಾಟಿದರು. ಪ್ರೂಯಿಟ್ ಕಣ್ಣು ಉಜ್ಜಿಕೊಂಡು ನೋಡಿದ. ಬಾಣಂತಿ ನಡೆಯುವಂತೆ ಫೀಬಿ ನಿಧಾನ ಹೆಜ್ಜೆ ಹಾಕಿದಳು. ಮೊದಲ ಮೂಲೆ ತಿರುಗಿದರು. ಎರಡನೆಯದನ್ನೂ ತಿರುಗಿದರು. ಹಿತ್ತಲಲ್ಲಿ ಬಿಳಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಬರಲಿಲ್ಲ, ಆ ಮುದುಕಿ ಬರಲಿಲ್ಲ ಎಂದುಕೊಂಡಳು ಲೆಟ್ಟಿ.

ಜೊಂಡು ಅಲುಗಾಡಿತು. ಮೊಣಕಾಲುದ್ದ ನೀರಿನಲ್ಲಿ, ಗಂಟುಮುಖ ಹಾಕಿಕೊಂಡು, ಸಿಲ್ವಿ ನಿಂತಿದ್ದಳು. ಅವಳ ಹಿಂದೆ ದೋಣಿ.

ಸಿಲ್ವಿ ಮೇಲೆ ಬಂದು ಫೀಬಿಯ ಕೈಯಿಂದ ಕೂಸನ್ನು ತೆಗೆದುಕೊಂಡಳು. ಮೊದಲ ಬಾರಿ ಮೊಮ್ಮಗನ ಮುಖ ನೋಡಿದಳು. ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದಳು.

"ಗಟ್ಟಿ ಇದಾನೆ," ಅಂದಳು ಲೆಟ್ಟಿ ಪಿಸುಮಾತಿನಲ್ಲಿ.

"ನನಗೂ ಕಣ್ಣಿದೆ," ಅಂದಳು ಸಿಲ್ವಿ. ಆಮೇಲೆ, "ಆ ಮಗು ವಿಷ್ಯದಲ್ಲಿ ನಿಂದೇನೂ ತಪ್ಪಿಲ್ಲ ಅಂತ ನನಗೆ ಆಗ್ಲೇ ಗೊತ್ತಿತ್ತು ಕಣೇ. ಯಾರನ್ನಾದ್ರೂ ಬೈಬೇಕಾಗಿತ್ತು."

ಫೀಬಿ ದೋಣಿಯಲ್ಲಿ ಕೂತು ಕೈ ಚಾಚಿದಳು. "ಬಾ ಅವ್ವ."

"ಜಾಗ ಇದೆ ದೊಡ್ಡವ್ವ, ಹತ್ತಿ," ಅಂದ ಶಡ್ರಾಕ್.

"ಹೋಗೇ," ಅಂದಳು ಸಿಲ್ವಿ ಸಹ. "ನಾನೊಬ್ಳೇ ಸುತ್ತಿ ಹೋಗ್ತೀನಿ. ಏನಾಗುತ್ತೋ ಆಗ್ಲಿ."

ಲೆಟ್ಟಿಗೆ ಹೋಗಬೇಕೆನಿಸಿತು. ಸುಳ್ಳೇಕೆ, ತುಂಬಾ ಅನಿಸಿತು. ಒಂದು ಹೆಜ್ಜೆ ನೀರಿಗೂ ಇಟ್ಟಳು. ನೀರು ತಣ್ಣಗಿತ್ತು. ಇಬ್ಬರು ಹೋದಲ್ಲಿ ಒಬ್ಬಳು ಬಂದರೆ ಪ್ರೂಯಿಟ್ ಕೂಗು ಹಾಕುವುದಕ್ಕೆ ಎಷ್ಟು ಹೊತ್ತು? ದೋಣಿ ಹೊಳೆಯ ಬಾಯಿ ದಾಟಿರುವುದಿಲ್ಲ. ಸಿಕ್ಕಿಬಿದ್ದರೆ ರೋಡಾ ಹೋದಳು, ಸಿಲ್ವಿ ಹೋದಳು, ಕೂಸೂ ಹೋಯಿತು. ನಂಬಿ ಹಾಸಿಗೆ ಕೊಟ್ಟವಳು, ನಂಬಿ ನೀರಿಗಿಳಿದವಳು.

ಅವಳು ಮಗಳ ಕೈ ಹಿಡಿಯಲಿಲ್ಲ. ಹಿಡಿದಿದ್ದರೆ ಬಿಡುತ್ತಿರಲಿಲ್ಲ. ಶಾಲನ್ನು ಎಳೆದುಕೊಂಡು, ದೋಣಿಯ ಮೂತಿಗೆ ಎರಡೂ ಕೈಯಿಂದ ಜೋರಾಗಿ ನೂಕಿದಳು. ಫೀಬಿಯ ಬಾಯಿ ತೆರೆಯಿತು. ಕೂಗಿದರೆ ಎಲ್ಲರೂ ಸಾಯುತ್ತಾರೆಂದು ಅವಳಿಗೂ ಗೊತ್ತು. ತನ್ನ ಕೈಯಿಂದ ತಾನೇ ಬಾಯಿ ಮುಚ್ಚಿಕೊಂಡಳು. ಆ ಕಣ್ಣುಗಳನ್ನು ಮಂಜು ನುಂಗುವ ತನಕ ನಿಂತು ನೋಡುವಷ್ಟು ಹೊತ್ತೂ ಇರಲಿಲ್ಲ.

ಸಿಲ್ವಿಗೆ ಶಾಲು ಹೊದಿಸಿ ಮೂರನೇ ಮೂಲೆ ತಿರುಗಿದಳು. ಶಾಲಿನೊಳಗಿಂದ ಸಿಲ್ವಿಯ ಗಂಟುಗಂಟಾದ ಕೈ ಬಂದು ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಪ್ರೂಯಿಟ್ ಇಬ್ಬರನ್ನೂ ಕಂಡು ತಲೆಯಾಡಿಸಿದ. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ, ಧೈರ್ಯ ಮಾಡಿ, ತಾನೂ ನುಗ್ಗಿದ. ಹಾಸಿಗೆಯಲ್ಲಿ ಶಾಲು ಹೊದ್ದ ರೋಡಾ, ಕೂಸು. ಒಲೆಯ ಬಳಿ ಅತ್ತೆ ಸಿಲ್ವಿ.

"ಏಯ್, ನೀನು ಯಾವಾಗ ಬಂದೆ?"

"ನಸುಕಲ್ಲಿ ದಣಿ. ನೀವು ಆ ಮರಕ್ಕೊರಗಿ ಗೊರಕೆ ಹೊಡೀತಿದ್ರಿ. ಪಾಪ, ಎಬ್ಬಿಸೋದು ಬೇಡ ಅಂತ ಹಂಗೇ ಬಂದೆ. ದೊರೆಸಾನಿಯವ್ರಿಗೆ ತಿಳಿಸ್ಬೇಕಿತ್ತಾ?"

ಪ್ರೂಯಿಟ್ ಮೂಲೆಮೂಲೆ ನೋಡಿದ. ನಿದ್ದೆ ಹೋದದ್ದು ನಿಜವೇ ಆಗಿತ್ತು. ಬಾಯಿ ಮುಚ್ಚಿಕೊಂಡು ಹೋದ.

ಮಗಳು ಓಡಿದರೂ ತಾಯಿ ಓಡಲಿಲ್ಲವಲ್ಲ, ದೊರೆಸಾನಿಗೆ ಲೆಟ್ಟಿಯ ಮೇಲಿನ ನಂಬಿಕೆ ಇನ್ನೂ ಹೆಚ್ಚಾಯಿತು. ಹನ್ನೊಂದು ವರ್ಷ ಲೆಟ್ಟಿ ಅದೇ ಜೌಗಿನಲ್ಲಿ ನಡೆದಳು. ಮಂಜಿನಲ್ಲಿ ಈಗ ಮೂವರು ಮಕ್ಕಳು ಬರುತ್ತಿದ್ದರು. ಗಂಡುಹುಡುಗರು ಮಾತಾಡುತ್ತಿದ್ದರು, ಫೀಬಿ ಮಾತ್ರ ಕೈಯಿಂದ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು. ಕೆನಡಾದಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ, ಮದುವೆಯಾಯಿತು ಎಂದು ದೋಣಿಯವರಿಂದ ದೋಣಿಯವರಿಗೆ ದಾಟಿ ಸುದ್ದಿ ಬರುತ್ತಿತ್ತು. ತಾಯಿಗೆಂದು ಒಂದು ಮಾತೂ ಬರಲಿಲ್ಲ.

ಮೇರಿಲ್ಯಾಂಡಿನಲ್ಲಿ ಗುಲಾಮರ ಬಿಡುಗಡೆಯಾದ ಚಳಿಗಾಲ ಕಳೆಯುವ ಮೊದಲೇ ಲೆಟ್ಟಿ ಹೊರಟಳು. ಹಡಗು, ರೈಲು, ಮತ್ತೆ ರೈಲು. ದೋಣಿಯವರು ಹೇಳಿದ್ದ ಊರಿನಲ್ಲಿ, ಹಿಮ ಬಿದ್ದ ಒಂದು ಬೀದಿಯಲ್ಲಿ ಬಾಗಿಲು ತಟ್ಟಿದಳು. ಫೀಬಿಯೇ ತೆಗೆದಳು. ಅವಳ ಲಂಗ ಹಿಡಿದು ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು.

ಫೀಬಿ ಒಂದು ಕೈಯಿಂದ ಆ ಹುಡುಗಿಯನ್ನು ಹತ್ತಿರಕ್ಕೆಳೆದುಕೊಂಡಳು.

"ಬರ್ತೀನಿ ಅಂದಿದ್ದೆ," ಅಂದಳು ತಾಯಿಗೆ.

ರೈಲಿನಲ್ಲಿ ಲೆಟ್ಟಿ ಎಷ್ಟೋ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ್ನೆಲ್ಲ ಬಿಟ್ಟಳು.

"ಅಂದಿದ್ದೆ. ಸುಳ್ಳು ಹೇಳಿದ್ದೆ ಮಗಳೇ."

"ಹನ್ನೊಂದು ವರ್ಷ ನಿನ್ ಮೇಲೆ ಸಿಟ್ಟು ಹೊತ್ಕೊಂಡೇ ಬದುಕಿದೀನಿ." ಫೀಬಿ ಬಾಗಿಲಿಗೆ ಅಡ್ಡ ನಿಂತಳು. "ಈಗ ಬಂದು ನಿಂತಿದೀಯ. ಇಷ್ಟೊಂದು ಸಿಟ್ಟನ್ನ ಏನು ಮಾಡ್ಲಿ ನಾನು?"

"ಇಟ್ಕೋ ತಾಯಿ. ದಿನಾ ಸ್ವಲ್ಪ ಸ್ವಲ್ಪ ಬೈಯಿ. ನಾನಿನ್ನು ಎಲ್ಲೂ ಹೋಗಲ್ಲ."

ಫೀಬಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.